ಮರಕುಟಿಗ ಕೆತ್ತಿದ ದೀಪಾವಳಿ ಅಂಚೆಚೀಟಿ

ಎರಡು ವರ್ಷಗಳಿಂದ ಕಾಡಿನ ಕೆರೆಗೆ ಪರದೇಶದ ಬಾತುಗಳು ಬಂದಿರಲಿಲ್ಲ. ದೀಪಾವಳಿಗೆ ಅವನ್ನು ಪತ್ರ ಬರೆದು ಕರೆಯಬೇಕೆಂದು ಸಿಂಹರಾಜ ನಿಶ್ಚಯಿಸಿದ. ಆ ಪತ್ರಕ್ಕೆ ಅಂಟಿಸುವ ಅಂಚೆಚೀಟಿಯ ಅಚ್ಚು ಕೆತ್ತುವ ಕೆಲಸ ಮರಕುಟಿಗನ ಪಾಲಿಗೆ ಬಂತು. ಅವನು ಮೂರು ದಿನ ಕೂತು, ಉಗುರಗಲದ ಮರದ ಮೇಲೆ ಒಂದೇ ಒಂದು ಹಣತೆ ಕೆತ್ತಿ ಸಭೆಯ ಮುಂದಿಟ್ಟ.

"ಹಣತೆ ಚೆನ್ನಾಗಿದೆ," ಎಂದಿತು ನವಿಲು. "ಆದರೆ ನನ್ನ ಗರಿಯಿಲ್ಲದೆ ಇದು ಯಾವ ನಾಡಿನ ಹಬ್ಬವೆಂದು ಹೊರಗಿನವರಿಗೆ ತಿಳಿಯುವುದು ಹೇಗೆ?"

ಮರಕುಟಿಗ ಗರಿ ಸೇರಿಸಿದ. ತನ್ನನ್ನು ಬಿಟ್ಟು ಹಬ್ಬ ಉಂಟೇ ಎಂದು ಆನೆ ಕೇಳಿತು. ಆನೆಗೆ ಜಾಗ ಬೇಕಾದ್ದರಿಂದ ಅಚ್ಚು ಅಂಗೈಯಗಲವಾಯಿತು. ಕರಡಿಗೆ ಜೇನುಗೂಡು ಬೇಕಿತ್ತು, ಮಂಗನಿಗೆ ಮಾವಿನ ತೋರಣ, ರಾಜನಿಗೆ ಸಿಂಹಾಸನ. ಕೊನೆಗೆ ಚೀಟಿ ಲಕೋಟೆಯನ್ನು ಅಂಚಿನಿಂದ ಅಂಚಿಗೆ ಮುಚ್ಚಿತು.

"ವಿಳಾಸ ಎಲ್ಲಿ ಬರೆಯುವುದು, ಪ್ರಭು?" ಎಂದು ಮರಕುಟಿಗ ಮೆಲ್ಲಗೆ ಕೇಳಿದ.

"ಇಷ್ಟು ಅಂದದ ಚೀಟಿಗೆ ವಿಳಾಸದ ಹಂಗೇಕೆ?" ಎಂದ ಮಂತ್ರಿಯಾಗಿದ್ದ ನರಿ. ಸಭೆಯೆಲ್ಲ ತಲೆದೂಗಿತು. ಮರಕುಟಿಗನೂ ತೂಗಿದ, ಕೆತ್ತನೆ ತನ್ನದಲ್ಲವೇ.

ಅಂಚೆಯ ಕೊಕ್ಕರೆ ಪತ್ರ ಹೊತ್ತು ಏಳು ಕಡಲು ಸುತ್ತಿ, ಯಾರಿಗೆ ಕೊಡಬೇಕೆಂದು ತಿಳಿಯದೆ ಹಿಂದಕ್ಕೆ ತಂದಿತು. ಆ ದೀಪಾವಳಿಗೂ ಕೆರೆಗೆ ಒಂದು ಬಾತೂ ಇಳಿಯಲಿಲ್ಲ.

ಸಭೆ ಮತ್ತೆ ಸೇರಿತು. "ಚೀಟಿ ಸಣ್ಣದಾಯಿತು," ಎಂದು ನರಿ ತೀರ್ಪು ಕೊಟ್ಟ. "ಅಷ್ಟು ದೂರದವರ ಕಣ್ಣಿಗೆ ಬಿದ್ದಿಲ್ಲ."

ನಿಜ ಏನೆಂದು ಮರಕುಟಿಗನಿಗೆ ಗೊತ್ತಿತ್ತು. ಆದರೆ ಅಷ್ಟರಲ್ಲಿ ರಾಜ ಅವನಿಗೆ ಆಸ್ಥಾನಶಿಲ್ಪಿ ಎಂಬ ಬಿರುದು ಕೊಟ್ಟಾಗಿತ್ತು. ಅವನು ಕೊಕ್ಕು ಮಸೆದುಕೊಂಡು, ಇನ್ನೂ ಅಗಲವಾದ ಹಲಗೆ ಹುಡುಕಲು ಹೊರಟ.