ಮೂರು ಕೇರಿಯ ಒಂದು ಬಲೆ

ಕಡಲು ಬಿಲ್ಲಿನಂತೆ ಒಳಬಾಗಿದ ಒಂದು ತೀರದಲ್ಲಿ ಮೂರು ಕೇರಿಗಳಿದ್ದವು. ಹೊಳೆ ಸಮುದ್ರವನ್ನು ಸೇರುವಲ್ಲಿ ಅಳಿವೆಕೇರಿ, ನಡುವೆ ಮರಳುಕೇರಿ, ಗುಡ್ಡದ ಬುಡದಲ್ಲಿ ಬಂಡೆಕೇರಿ. ಮೂರು ಕೇರಿಯವರೂ ಮೀನುಗಾರರು. ಅವರ ದೊಡ್ಡ ಬಲೆ ಮಾತ್ರ ಒಂದೇ. ಆ ಬಲೆಗೆ ಬಿದ್ದ ಬಂಗುಡೆ ಮೀನನ್ನು ಒಣಗಿಸಿಟ್ಟುಕೊಂಡೇ ಅವರು ಕಡಲಿಗಿಳಿಯಲಾಗದ ಮಳೆಗಾಲವನ್ನು ಕಳೆಯುತ್ತಿದ್ದರು.

ಆ ಬಲೆಗೊಂದು ಪದ್ಧತಿಯಿತ್ತು. ಪ್ರತಿಯೊಂದು ಕೇರಿಯೂ ತನ್ನ ಪಾಲಿನ ತುಂಡನ್ನು ತಾನೇ ನೇಯ್ದು, ತಾನೇ ದುರಸ್ತಿ ಮಾಡಿ, ಮಳೆ ನಿಂತ ಮೇಲೆ ತೀರಕ್ಕೆ ಹೊತ್ತು ತರುತ್ತಿತ್ತು. ಮೂರು ತುಂಡುಗಳನ್ನು ಹಗ್ಗದಿಂದ ಹೆಣೆದು ಒಂದು ಮಾಡುತ್ತಿದ್ದರು. ಬಲೆಗೆ ಒಬ್ಬ ಮುಖ್ಯಸ್ಥನಿದ್ದ. ಅವನನ್ನು ತಂಡೇಲ ಎನ್ನುತ್ತಿದ್ದರು. ತಂಡೇಲ ಗುಡ್ಡದ ಮೇಲೆ ನಿಂತು ನೀರಿನ ಬಣ್ಣ ನೋಡಿ ಮೀನಿನ ಹಿಂಡನ್ನು ಗುರುತಿಸಿ ಕೆಂಪು ವಸ್ತ್ರ ಬೀಸುತ್ತಿದ್ದ. ಮೊದಲ ಸಲ ಬೀಸಿದಾಗ ದೋಣಿ ಬಲೆಯನ್ನು ಅರ್ಧಚಂದ್ರದಂತೆ ಹಾಸಿ ಬರಬೇಕು. ಎರಡನೆಯ ಸಲ ಬೀಸಿದಾಗ ದಡದಲ್ಲಿ ನಿಂತವರು ಎರಡೂ ತುದಿಗಳನ್ನು ಎಳೆಯಬೇಕು.

ಒಂದು ವರ್ಷ ಮರಳುಕೇರಿಯ ಮಂಕಾಳ ತಂಡೇಲನಾದ. ಅವನ ಕಣ್ಣು ಚುರುಕು, ಮನಸ್ಸು ಒಳ್ಳೆಯದು. ಆದರೆ ಎಲ್ಲವೂ ಒಂದೇ ತೆರನಾಗಿ ಕಾಣದಿದ್ದರೆ ಅವನಿಗೆ ಸಮಾಧಾನವಿಲ್ಲ. ಮರಳಿನ ಮೇಲೆ ಹರಡಿದ ಬಲೆಯನ್ನು ಅವನು ನೋಡಿದ. ಅಳಿವೆಕೇರಿಯ ತುಂಡು ಕಪ್ಪಗೆ ದಪ್ಪಗಿತ್ತು. ಬಂಡೆಕೇರಿಯ ತುಂಡಿನ ಅಂಚಿಗೆ ಬಲೆಯನ್ನು ಮುಳುಗಿಸುವ ಗುಂಡುಕಲ್ಲು ಅಲ್ಲೊಂದು ಇಲ್ಲೊಂದು ಮಾತ್ರ ಕಟ್ಟಿತ್ತು. ತನ್ನ ಕೇರಿಯದು ತೆಳುನೂಲಿನದು, ತುಂಬ ಗುಂಡುಕಲ್ಲಿನದು, ಅಚ್ಚುಕಟ್ಟಿನದು.

“ಇದು ಬಲೆಯೋ ತೇಪೆ ಹಚ್ಚಿದ ಕೌದಿಯೋ?” ಎಂದ ಮಂಕಾಳ. “ಬಲೆ ಒಂದು ಅಂದ ಮೇಲೆ ಅಳತೆಯೂ ಒಂದೇ ಇರಬೇಕು. ಎಲ್ಲ ತುಂಡುಗಳೂ ಮರಳುಕೇರಿಯ ಅಳತೆಗೆ ಬರಲಿ.”

ಅಳಿವೆಕೇರಿಯ ಹಿರಿಯಳಾದ ಮಾಸ್ತಮ್ಮ ಆಗದೆಂದು ತಲೆಯಾಡಿಸಿದಳು. “ಮಂಕಾಳ, ನಮ್ಮ ಕಡೆ ಹೊಳೆ ಮರದ ಕೊರಡು ಹೊತ್ತು ತರ್ತದೆ. ನೂಲು ದಪ್ಪ ಇಲ್ಲದಿದ್ರೆ ತಡಿಯೂದಿಲ್ಲ.”

ಬಂಡೆಕೇರಿಯ ಮುಂದಾಳು ಜಟ್ಟಿಯೂ ಹೇಳಿದ. “ನಮ್ಮಲ್ಲಿ ನೀರಡಿಗೆಲ್ಲ ಬಂಡೆ, ಮಂಕಾಳಣ್ಣ. ಇಷ್ಟು ಕಲ್ಲು ಕಟ್ಟಿದ್ರೆ ಬಲೆ ಕಚ್ಚಿಕೊಳ್ತದೆ.”

“ತಂಡೇಲ ನಾನೋ ನೀನೋ?”

“ನೀವೇ. ಬಿಡಿಸೂಕೆ ಮುಳುಗುವವ ಮಾತ್ರ ನಾನು.”

ಮಂಕಾಳ ಕೇಳಲಿಲ್ಲ. ಅವನ ಅಪ್ಪಣೆಯಂತೆ ಬಲೆ ಸಿದ್ಧವಾಯಿತು. ನೋಡಲು ಬಹಳ ಸುಂದರವಾಗಿತ್ತು. ಹಿಂಡು ಬಂತು, ಬಲೆ ಬಿತ್ತು. ಅಳಿವೆಯ ಬದಿಯಲ್ಲಿ ಹೊಳೆ ತಂದ ಕೊರಡೊಂದು ತೆಳುನೂಲನ್ನು ಸೀಳಿಕೊಂಡು ನಡೆಯಿತು. ಗುಡ್ಡದ ಬದಿಯಲ್ಲಿ ಗುಂಡುಕಲ್ಲುಗಳು ಬಂಡೆಯ ಸಂದಿಗೆ ಸಿಕ್ಕಿ ಬಲೆ ನಿಂತಲ್ಲೇ ನಿಂತಿತು. ಬಂಗುಡೆಗಳು ಎರಡೂ ಕಡೆಯಿಂದ ಹೊರಟುಹೋದವು.

“ಮೀನಿಗೂ ಬಲೆ ಮೆಚ್ಚಿಕೆ ಆಯ್ತು ಕಾಣ್ತದೆ,” ಎಂದಳು ಮಾಸ್ತಮ್ಮ. “ನೋಡಿಕೊಂಡು ಹೋದ್ವು.”

ಜಟ್ಟಿ ಮಧ್ಯಾಹ್ನವಿಡೀ ಮುಳುಗಿ ಮುಳುಗಿ ಬಲೆ ಬಿಡಿಸಿದ. ದಡಕ್ಕೆ ಬಂದವನೇ ಚೂರಿ ತೆಗೆದು ಜೋಡಣೆಯ ಹಗ್ಗವನ್ನು ಕತ್ತರಿಸಿದ. ತನ್ನ ಕೇರಿಯ ತುಂಡನ್ನು ಹೊತ್ತು ನಡೆದ. ಅಳಿವೆಕೇರಿಯವರೂ ತಮ್ಮದನ್ನು ಸುತ್ತಿಕೊಂಡು ಹೋದರು.

ಅಲ್ಲಿಂದ ಮೂರು ಕೇರಿಗಳೂ ಬೇರೆ ಬೇರೆಯಾಗಿ ಬಲೆ ಬೀಸಿದವು. ದಪ್ಪ ನೂಲು ಬೇಕಾದವರಿಗೆ ದಪ್ಪ ನೂಲು ಸಿಕ್ಕಿತು. ಕಲ್ಲು ಬೇಡವಾದವರಿಗೆ ಕಲ್ಲಿನ ಕಾಟ ತಪ್ಪಿತು. ಆದರೆ ತುಂಡುಬಲೆಯನ್ನು ಕಂಡ ಹಿಂಡು ಸುಮ್ಮನೆ ಅದರ ಬದಿಯಿಂದ ಸುತ್ತಿ ಹೋಗುತ್ತಿತ್ತು. ಎಲ್ಲಿ, ಯಾವಾಗ ಎಂದು ಹೇಳುವವರಿಲ್ಲದೆ ದೋಣಿಗೆ ದೋಣಿ ತಾಗಿತು. ಸಂಜೆಯಾದರೆ ಮೂರು ಕೇರಿಗಳಲ್ಲೂ ಸಾರು ತೆಳ್ಳಗಿರುತ್ತಿತ್ತು. ಮೀನು ಒಣಗಿಸುವ ಚಾಪೆಗಳು ಖಾಲಿ ಬಿದ್ದಿದ್ದವು. ಬಂಗುಡೆಯ ಕಾಲ ಮುಗಿಯುತ್ತ ಬಂದಿತ್ತು.

ಆಗ ಮಂಕಾಳ ತಾನೇ ಅಳಿವೆಕೇರಿಗೆ ನಡೆದ. ಮಾಸ್ತಮ್ಮ ಬಲೆ ಹೊಲಿಯುತ್ತ ಕುಳಿತಿದ್ದಳು. ಅವಳು ತಲೆಯೆತ್ತಲಿಲ್ಲ.

“ಬಂದ್ಯಾ? ಕೂತ್ಕೋ. ಈ ಎಳೆ ಹಿಡಿ. ತಂಡೇಲನಿಗೆ ತೋರಿಸೂ ಬೆರಳಲ್ಲದೆ ಕೆಲಸ ಮಾಡೂ ಕೈಯೂ ಇದೆಯೋ ನೋಡುವ.”

ಮಂಕಾಳ ಎಳೆ ಹಿಡಿದ. ಅಂಗೈಗೆ ದಪ್ಪ ನೂಲಿನ ಬಿಗಿ ತಿಳಿಯಿತು. ಬಾಗಿಲ ಮುಂದೆ ಹೊಳೆ ದಡಕ್ಕೆಸೆದ ಕೊರಡುಗಳು ರಾಶಿಯಾಗಿ ಬಿದ್ದಿದ್ದವು. ಅವನು ಅವನ್ನು ಬಹಳ ಹೊತ್ತು ನೋಡಿದ.

“ಮಾಸ್ತಕ್ಕ, ನನ್ನದು ತಪ್ಪಾಯ್ತು.”

“ನಿನ್ನದು ಅರ್ಧ. ಹಗ್ಗ ಕಡಿದದ್ದು ಉಳಿದ ಅರ್ಧ. ಜಟ್ಟಿಯನ್ನೂ ಕರೆಸು.”

ಮೂರು ಕೇರಿಯವರೂ ಮರಳಿನ ಮೇಲೆ ಸೇರಿದರು. ಮಾಸ್ತಮ್ಮ ಮಾತು ತೆಗೆದಳು.

“ಮೀನು ಎಲ್ಲಿದೆ ಅಂತ ಗುಡ್ಡದಿಂದ ಕಾಣ್ತದೆ. ನೀರಡಿಗೆ ಏನಿದೆ ಅಂತ ಗುಡ್ಡದಿಂದ ಕಾಣೂದಿಲ್ಲ. ಅದಕ್ಕೆ ಬಲೆ ಯಾವಾಗ ಹಾಕೂದು, ದೋಣಿ ಯಾವ ದಾರಿ ಹಿಡಿಯೂದು, ಯಾವಾಗ ಎಳೆಯೂದು, ಇದನ್ನ ತಂಡೇಲ ಹೇಳಲಿ. ಮೂರು ಕೇರಿಯೂ ಕೇಳಬೇಕು. ನೂಲು, ಕಲ್ಲು, ತನ್ನ ನೆಲದಲ್ಲಿ ಬಲೆ ದಾಟಿಸೂ ರೀತಿ, ಇದು ಆಯಾ ಕೇರಿಯದು. ತಂಡೇಲ ಬಾಯಿ ಹಾಕಬಾರದು.”

“ಜೋಡಣೆಯ ಹಗ್ಗ ಯಾರದು?” ಎಂದು ಜಟ್ಟಿ ಕೇಳಿದ.

“ಎಲ್ಲರದು. ಎಲ್ಲರೂ ಕೂತು ಹೆಣೆಯೂದು.”

“ನೀವು ಹೇಳದೆ ಬಿಟ್ಟದ್ದು ಏನಾದ್ರೂ ಎದುರಾದ್ರೆ?”

“ಆಗಲೂ ಕೂತು ಮಾತಾಡೂದು. ಬಾಯಿ ಇರೂದು ಊಟಕ್ಕೆ ಮಾತ್ರವೋ? ಇನ್ನೊಂದು ಮಾತು. ಮಂಕಾಳ ಅಳತೆಕೋಲು ತರಬಾರದು. ಜಟ್ಟಿ ಚೂರಿ ತರಬಾರದು.”

ಇಬ್ಬರೂ ಒಪ್ಪಿದರು. ಆದರೂ ಈ ಸಲವೂ ಕೆಟ್ಟರೆ ಬಲೆಯನ್ನು ಮುಂದೆಂದೂ ಜೋಡಿಸುವುದಿಲ್ಲವೆಂದು ಬಂಡೆಕೇರಿಯ ಕೆಲವರು ಹೇಳಿಯೇ ಬಲೆಗೆ ಕೈಹಚ್ಚಿದರು.

ಒಂದು ಮುಂಜಾನೆ ಹಿಂಡು ಬಂದು ನೀರು ಕೆಂಪೇರಿತು. ಮಂಕಾಳ ವಸ್ತ್ರ ಬೀಸಿದ. ದೋಣಿ ಬಲೆ ಹಾಸಿತು. ಬಂಡೆಕೇರಿಯವರ ಕಾಲಬುಡದಲ್ಲೇ ಬಂಗುಡೆಗಳು ಪುಟಿಯತೊಡಗಿದವು.

“ಜಟ್ಟಣ್ಣ, ಎಳೆಯುವ,” ಎಂದರು ಹಗ್ಗ ಹಿಡಿದವರು.

“ವಸ್ತ್ರ ಬೀಸಲಿಲ್ಲ.”

“ಮೀನು ಇಲ್ಲೇ ಉಂಟಲ್ಲ ಮಾರಾಯ.”

“ನಿನಗೆ ಮೀನು ಕಾಣ್ತದೆ, ಅವರಿಗೆ ಹಿಂಡು ಕಾಣ್ತದೆ. ನಿಲ್ಲು.”

ಅವನ ಮಾತು ನಿಜವಾಗಿತ್ತು. ದಡಕ್ಕೆ ಬಂದದ್ದು ಹಿಂಡಿನ ಮೂತಿ ಮಾತ್ರ. ಮೈಯೆಲ್ಲ ಇನ್ನೂ ಹೊರಗಿತ್ತು. ಅದು ಪೂರ್ತಿ ಒಳಗೆ ಬರುವವರೆಗೆ ಮಂಕಾಳ ಕಾದ. ಆಮೇಲೆ ವಸ್ತ್ರ ಬೀಸಿದ. ಮೂರು ಕೇರಿಯ ಕೈಗಳೂ ಒಟ್ಟಿಗೆ ಎಳೆದವು.

ಬಲೆ ಬಂಡೆಯ ಹತ್ತಿರ ಬಂತು. ಒಂದು ಕಡೆ ಸ್ವಲ್ಪ ಸಿಕ್ಕಿಕೊಂಡದ್ದು ಗುಡ್ಡದ ಮೇಲಿಂದಲೂ ಕಂಡಿತು. ‘ಜೋರಾಗಿ ಎಳೆಯಿರಿ’ ಎಂದು ಕೂಗಲು ಮಂಕಾಳ ಬಾಯಿ ತೆರೆದ. ಒಡನೆ ನೆನಪಾಯಿತು. ಕೈಯಲ್ಲಿದ್ದ ವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದ.

ಜಟ್ಟಿ ಎಳೆಯಲಿಲ್ಲ. ಹಗ್ಗವನ್ನು ಸಡಿಲ ಬಿಟ್ಟ. ಒಂದು ಅಲೆ ಬಂತು, ಹಗುರವಾದ ಬಲೆಯಂಚನ್ನು ಎತ್ತಿ ಬಂಡೆ ದಾಟಿಸಿ ಇಳಿಸಿತು. “ಈಗ ಎಳೆಯಿರಿ,” ಎಂದ ಜಟ್ಟಿ. ಅತ್ತ ಅಳಿವೆಯ ಬದಿಗೆ ಹೊಳೆ ದೊಡ್ಡದೊಂದು ಕೊರಡನ್ನು ತಂದಿತು. ಅದು ದಪ್ಪ ನೂಲಿಗೆ ತಾಗಿ, ಒಂದು ಸುತ್ತು ಹೊರಳಿ, ಬೇರೆ ದಾರಿ ಹಿಡಿಯಿತು.

ಬಲೆ ದಡಕ್ಕೆ ಬಂದಾಗ ತೀರವೆಲ್ಲ ಬೆಳ್ಳಿಯಾಯಿತು. ಮೀನು ತುಂಬಲು ಬುಟ್ಟಿ ಸಾಲದೆ ಹೆಂಗಸರು ಮನೆಯ ಕೊಪ್ಪರಿಗೆಗಳನ್ನೇ ಹೊತ್ತು ತಂದರು. ಇದು ಯಾರ ಪಾಲಿನ ತುಂಡಿಗೆ ಬಿದ್ದ ಮೀನು ಎಂದು ಒಬ್ಬರೂ ಕೇಳಲಿಲ್ಲ.

ಮಂಕಾಳ ಗುಡ್ಡ ಇಳಿದು ಬಂದ. ಜಟ್ಟಿ ಅವನ ಕೈ ನೋಡಿದ.

“ಮಂಕಾಳಣ್ಣ, ಕಡಲಿಗಿಳಿದವರು ನಾವು. ನಿಮ್ಮ ವಸ್ತ್ರ ಎಂತಕ್ಕೆ ಒದ್ದೆ?”

“ಜಗಿದೆ.”

“ಎಂತಕ್ಕೆ?”

“ನಿನಗೆ ಬುದ್ಧಿ ಹೇಳಬಾರದು ಅಂತ.”

ಜಟ್ಟಿ ನಕ್ಕ. “ನನ್ನ ಕಾಲು ನೋಡಿ. ಮೀನು ತಾಗುವಾಗ ಎಳೆದು ಬಿಡ್ತೇನೋ ಅಂತ ಮೊಣಕಾಲವರೆಗೆ ಮರಳಲ್ಲಿ ಹೂತಿಟ್ಟಿದ್ದೆ.”

ಸಂಜೆ ಬಲೆಯನ್ನು ಒಣಹಾಕಿದರು. ದಪ್ಪ ತುಂಡು, ತೆಳು ತುಂಡು, ಹಗುರ ತುಂಡು, ನಡುವೆ ಮೂರು ಕೇರಿಯವರೂ ಸೇರಿ ಹೆಣೆದ ಹಗ್ಗ. ಮಂಕಾಳ ಅದನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

“ಕೌದಿ ಚಂದ ಇದೆ, ಮಾಸ್ತಕ್ಕ.”

“ಬೇಕಾದ್ರೆ ಹೊದ್ದುಕೋ,” ಎಂದಳು ಮಾಸ್ತಮ್ಮ. “ಮೀನಿನ ನಾತಕ್ಕೆ ನಿನ್ನ ಹೆಂಡತಿ ಮನೆ ಒಳಗೆ ಸೇರಿಸೂದಿಲ್ಲ ಅಷ್ಟೆ.”

ನೀತಿ: ಮಕ್ಕಳೇ, ನಮ್ಮ ದೇಶವೂ ಹೀಗೆ ಹೆಣೆದ ಬಲೆ. ಇಡೀ ಕಡಲನ್ನು ಕಂಡು ನಿರ್ಧರಿಸಬೇಕಾದದ್ದು ಕೇಂದ್ರ ಸರ್ಕಾರದ ಕೆಲಸ; ತನ್ನ ನೆಲವನ್ನು ಅರಿತು ನಿರ್ಧರಿಸಬೇಕಾದದ್ದು ರಾಜ್ಯ ಸರ್ಕಾರದ ಕೆಲಸ; ಇಬ್ಬರಿಗೂ ಸೇರಿದ್ದನ್ನು ಇಬ್ಬರೂ ಕುಳಿತು ತೀರ್ಮಾನಿಸಬೇಕು. ಅಧಿಕಾರವನ್ನು ಹಂಚಿಕೊಂಡರೆ ಬಲ ಕುಗ್ಗುವುದಿಲ್ಲ. ತನ್ನ ಪಾಲಿನ ಕೆಲಸವನ್ನು ಬಿಡದೆ ಮಾಡಬೇಕು, ಇನ್ನೊಬ್ಬರ ಪಾಲಿನದಕ್ಕೆ ಕೈಹಾಕದೆ ಇರಬೇಕು. ಇವೆರಡರಲ್ಲಿ ಎರಡನೆಯದೇ ಹೆಚ್ಚು ಕಷ್ಟ. ಅದನ್ನು ಕಲಿತವರ ಬಲೆ ಬರಿದಾಗದು.