ಕಟೌಟಿನ ಅಡಿಯ ಮುಖ

ದಾವಣಗೆರೆಯ ಒಂದು ಟಾಕೀಸಿನ ಮುಂದೆ ಗೂಢಚಾರಿ ಭಾರ್ಗವನ ಎಂಟನೇ ಚಿತ್ರದ ಕಟೌಟ್ ಎದ್ದು ನಿಂತಿತ್ತು. ಭಾರ್ಗವ ಅವನೇ, ಆದರೆ ಈ ಸಲ ನಟ ಹೊಸಬ. ಹಳೇ ನಟನ ಅಭಿಮಾನಿ ಸಂಘದ ಅಧ್ಯಕ್ಷ ತಿಪ್ಪೇಶಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಹುಡುಗರ ದಂಡು ಕಟ್ಟಿಕೊಂಡು ಬಂದು, ಕಟೌಟಿಗೆ ಕೊನೇ ಬಣ್ಣ ಬಳಿಯುತ್ತಿದ್ದ ಪೇಂಟರನ ಏಣಿ ಹಿಡಿದು ಅಲ್ಲಾಡಿಸಿದ.

“ಈ ಪೀಚಲ ಭಾರ್ಗವನೇನಯ್ಯಾ? ಅಳಿಸು! ನಮ್ಮ ಹೀರೋ ಮುಖ ಬರಿ. ಇಲ್ಲಾಂದ್ರೆ ಇವತ್ತು ಶೋ ನಡೆಯಲ್ಲ!”

ಮೂರು ದಿನ ಬಿಸಿಲಲ್ಲಿ ಬೆಂದು ಬರೆದ ಮುಖ ಅದು. ಪೇಂಟರ್ ನಿಧಾನವಾಗಿ ಕೆಳಗಿಳಿದ.

“ನಾನಂತೂ ಅಳಿಸಲ್ಲ, ಅಧ್ಯಕ್ಷರೇ. ಆದರೆ ಹಳೇ ಹಲಗೆ ಮೇಲೇ ಹೊಸ ಮುಖ ಬರೆಯೋದು ನಮ್ಮ ಕಸುಬು. ನಿಮ್ಮ ಹೀರೋ ಇದರ ಅಡೀಲೇ ಇದ್ದಾರೆ. ನೀವೇ ಹತ್ತಿ ಹಣೆ ಹತ್ತಿರ ಕೆರೆದು ದರ್ಶನ ಮಾಡಿ.”

ಬಣ್ಣ ಕೆರೆಯುವ ತಗಡನ್ನು ಅವನ ಕೈಗೇ ಕೊಟ್ಟ.

ತಿಪ್ಪೇಶಪ್ಪ ಸರಸರನೆ ಹತ್ತಿದ, ಪರಪರನೆ ಕೆರೆದ. ಹಳೇ ಹೀರೋನ ಹಣೆ ಕಂಡಿತು. ಕೆಳಗೆ ಜೈಕಾರವೋ ಜೈಕಾರ! ಇನ್ನಷ್ಟು ಕೆರೆದ. ಆ ಹಣೆಯ ಮೇಲೆ ಟಾರಿನಲ್ಲಿ ಗೀಚಿದ ದಪ್ಪ ಅಕ್ಷರಗಳು ಎದ್ದುಬಂದವು. ಹುಡುಗರು ಗಟ್ಟಿಯಾಗಿ ಓದಿದರು:

“ಇವನು ಭಾರ್ಗವನೇ ಅಲ್ಲ! ನಮಗೆ ಮೊದಲಿನವನೇ ಬೇಕು! ಇಂತಿ, ತಿಪ್ಪೇಶಪ್ಪ, ಒಂಬತ್ತನೇ ಕ್ಲಾಸು.”

ಜೈಕಾರ ನಿಂತು ನಗು ಶುರುವಾಯಿತು.

“ನಿಮ್ಮ ಹೀರೋ ಹೊಸಬರಾಗಿ ಬಂದಾಗಿನ ಹಲಗೆ. ಇಪ್ಪತ್ತು ವರ್ಷದಿಂದ ಜೋಪಾನವಾಗಿ ಎತ್ತಿಟ್ಟಿದ್ದೆ,” ಎಂದು ಪೇಂಟರ್ ಕುಂಚ ಅದ್ದಿಕೊಂಡ. “ಈಗ ಹೇಳಿ, ಯಾರ ಮುಖ ಬರೀಲಿ?”

ಅಧ್ಯಕ್ಷ ಎರಡೂ ಕೈಯಿಂದ ಹಲಗೆ ಮುಚ್ಚಿಕೊಂಡು ಅಂಗಲಾಚಿದ:

“ಯಾರದ್ದಾದರೂ ಬರೀರಿ ಅಣ್ಣಾ, ನನ್ನ ಹೆಸರು ಮುಚ್ಚಿದರೆ ಸಾಕು!”