ಕೋವಿಯ ಬಾಯಿಗಿಟ್ಟ ಹೂ

ಪೊನ್ನೊಳಂಡ ಮನೆತನಕ್ಕೆ ಕೊಡಗಿನಲ್ಲಿ ಅರಸರ ಕಾಲದಿಂದಲೂ ಒಳ್ಳೆಯ ಹೆಸರಿತ್ತು. ಆ ಮನೆಯವರು ಸೈನ್ಯದಲ್ಲಿ ದುಡಿದಿದ್ದರು, ಊರಿನ ನ್ಯಾಯ ತೀರಿಸಿದ್ದರು. ಅವರ ಮಾತನ್ನು ಯಾರೂ ಅಲ್ಲಗಳೆದದ್ದಿಲ್ಲ. ಅವರು ಯಾರೆದುರೂ ತಲೆ ತಗ್ಗಿಸಿದ್ದೂ ಇಲ್ಲ.

ಆ ಮನೆಯ ಮಗಳು ಬೊಳ್ಳಮ್ಮ, ತಾತನ ಬೇಟೆಕೋವಿಯನ್ನು ಹೆಗಲಿಗೇರಿಸಿಕೊಂಡು ನದಿ ದಂಡೆಯ ಮುದ್ದಯ್ಯಜ್ಜನಲ್ಲಿಗೆ ಬಂದಳು. ಅವಳಿಗೆ ಗುರಿ ಕಲಿಸಿದ ಗುರು ಅವರೇ.

"ಕೂತುಕೋ ಕುಂಞಿ," ಅಂದರು ಅಜ್ಜ, ಅವಳಿನ್ನೂ ಮಗುವೆಂಬಂತೆ.

"ಕೂರಲು ಬಂದಿಲ್ಲ ಅಜ್ಜ. ಕೋವಿಯ ನಳಿಗೆ ಬಾಗಿದೆ ಅಂತ ಒಂದು ಮಾತು ಹೇಳಿಬಿಡಿ, ಸಾಕು."

"ಬಾಗಿಸಿದವರು ಯಾರು?"

"ಪೂಣಚ್ಚ. ನಮ್ಮ ಚಿಕ್ಕಪ್ಪನ ಮಗ. ಪಕ್ಕದೂರಿನ ಪಂದ್ಯಕ್ಕೆಂದು ಕೇಳಿ ಒಯ್ದ, ಎಲ್ಲೋ ಬೀಳಿಸಿ ತಂದಿಟ್ಟ. ಆಮೇಲೆ ನಮ್ಮೂರಿನ ತೆಂಗಿನಕಾಯಿ ಪಂದ್ಯದಲ್ಲಿ ನನ್ನ ಒಂದು ಗುಂಡೂ ಕಾಯಿಗೆ ತಾಗಲಿಲ್ಲ. ಪಂದ್ಯ ನಡೆದ ಗದ್ದೆ ತುಂಬ ನಗು. ಅಲ್ಲೇ ಹೇಳಿದೆ, ಕೋವಿ ಕೆಡಿಸಿ ಬಾಯಿ ಮುಚ್ಚಿಕೊಂಡ ಕಳ್ಳ ಇವನು ಅಂತ. ಅವತ್ತಿನಿಂದ ಅವನು ನಮ್ಮ ಮೆಟ್ಟಿಲು ಹತ್ತಿಲ್ಲ."

"ಪಕ್ಕದೂರಲ್ಲಿ ಅವನು ಗೆದ್ದನೆ?"

"ಎಲ್ಲಿ ಗೆಲ್ಲುತ್ತಾನೆ! ಅವನ ಗುಂಡೂ ಕಾಯಿಗೆ ತಾಗಲಿಲ್ಲ."

ಅಜ್ಜ ಆಚೆಯ ಮಣ್ಣಿನ ದಿಬ್ಬಕ್ಕೆ ಒಂದು ಬಿಳಿ ಬಟ್ಟೆ ಕಟ್ಟಿ ಬಂದರು.

"ಹೊಡಿ."

ಬೊಳ್ಳಮ್ಮ ಹೊಡೆದಳು. ಗುಂಡು ಎಡಕ್ಕೆ ಹೋಯಿತು. ಅವಳು ತಿರುಪುಳಿ ತೆಗೆದು ನಳಿಗೆಯ ಮೇಲಿನ ಗುರಿಕಣ್ಣನ್ನು ಸರಿಸಿದಳು, ಲಿವರ್ ಎಳೆದು ತೋಟಾ ಏರಿಸಿದಳು, ಮತ್ತೆ ಹೊಡೆದಳು. ಮೇಲಕ್ಕೆ ಹೋಯಿತು. ಮತ್ತೆ ಸರಿಸಿದಳು.

ಅಜ್ಜ ತಿರುಪುಳಿಯನ್ನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಏನನ್ನೂ ಮುಟ್ಟದೆ ಹೊಡಿ."

ಗುಂಡುಗಳು ಬಟ್ಟೆಯ ತುಂಬ ಚೆಲ್ಲಾಡಿದವು. ಯಾವ ಎರಡೂ ಒಂದೆಡೆ ಬೀಳಲಿಲ್ಲ.

"ನೋಡಿದಿರಾ? ಬಾಗಿದೆ!"

"ಬಾಗಿದ್ದು ಯಾವಾಗಲೂ ಒಂದೇ ಕಡೆಗೆ ತಪ್ಪುತ್ತದೆ, ಕುಂಞಿ."

ಬೊಳ್ಳಮ್ಮನ ಕೈ ಸುಮ್ಮನಿರಲಿಲ್ಲ. ಬರಿದಾದ ಕೋವಿಯ ಲಿವರನ್ನು ಕೆಳಗೆ ಎಳೆದಳು, ಮೇಲಕ್ಕೆ ತಂದಳು, ಮತ್ತೆ ಎಳೆದಳು. ಅಜ್ಜ ಕೋವಿಯನ್ನು ಕೇಳಿ ತೆಗೆದುಕೊಂಡು, ಒಳಗೆ ತೋಟಾ ಇಲ್ಲವೆಂದು ನೋಡಿ, ತಿರುಪುಮೊಳೆಗಳನ್ನೆಲ್ಲ ಪರೀಕ್ಷಿಸಿದರು. ಎಲ್ಲ ಬಿಗಿಯಾಗಿದ್ದವು. ಆಮೇಲೆ ಒಂದಿಷ್ಟು ಹತ್ತಿಯಿಂದ ನಳಿಗೆಯ ಬಾಯಂಚನ್ನು ಸುತ್ತಲೂ ಮೆಲ್ಲಗೆ ಒರೆಸಿದರು.

ಒಂದು ಕಡೆ ಹತ್ತಿ ಸಿಕ್ಕಿಕೊಂಡಿತು. ಬಿಡಿಸಿದಾಗ ಕೆಂಪು ತುಕ್ಕು ಅಂಟಿತ್ತು.

"ಗುಂಡು ಕೊನೆಗೆ ಮುಟ್ಟುವುದು ಈ ಅಂಚನ್ನು. ಇಲ್ಲಿ ತಿಂದುಹೋಗಿದೆ. ಹೊರಗೆ ಹೋಗುವ ಪ್ರತಿ ಗುಂಡನ್ನೂ ಇದು ಒಂದೊಂದು ಕಡೆಗೆ ತಳ್ಳುತ್ತಿದೆ."

"ಅವನೇ ಒದ್ದೆ ಮಾಡಿರಬೇಕು."

"ಕೈಲ್‌ಪೊಳ್ದ್ ಹಬ್ಬದ ಆಯುಧಪೂಜೆಯಲ್ಲಿ ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸುವವರು ಯಾರು?"

"ನಾನೇ." ಬೊಳ್ಳಮ್ಮ ನೆಟ್ಟಗಾದಳು. "ಬೇರೆಯವರ ಮನೆ ಹೂ ಸಂಜೆಗೆ ಬಾಡುತ್ತದೆ. ನಮ್ಮದು ವಾರವಾದರೂ ಹಾಗೇ ಇರುತ್ತದೆ. ಹೋದ ವರ್ಷ ಬಂದವರೆಲ್ಲ ಕೇಳಿದ್ದೇ ಕೇಳಿದ್ದು, ಹೇಗೆ ಅಂತ."

"ಹೇಗೆ?"

"ದಂಟಿಗೆ ಒದ್ದೆ ಹತ್ತಿ ಸುತ್ತಿ ನಳಿಗೆಯೊಳಗೆ..."

ಅವಳು ಅಜ್ಜನ ಕೈಯಲ್ಲಿದ್ದ ತುಕ್ಕು ಅಂಟಿದ ಹತ್ತಿಯನ್ನು ನೋಡಿದಳು.

ಅಜ್ಜ ಹತ್ತಿಯ ತುಣುಕನ್ನು ಅವಳ ಅಂಗೈಗೆ ಹಾಕಿದರು. ಗುಂಡುತಲೆಯ ಹಿತ್ತಾಳೆ ಮೊಳೆಯೊಂದಕ್ಕೆ ಎಣ್ಣೆಯಲ್ಲಿ ಕಲಸಿದ ಉಜ್ಜುವ ಪುಡಿ ಹಚ್ಚಿ, ನಳಿಗೆಯ ಬಾಯಿಗೆ ಇಟ್ಟು, ಅದನ್ನೂ ಅವಳಿಗೇ ಕೊಟ್ಟರು.

"ತಿರುಗಿಸು. ಒತ್ತಬೇಡ. ಅಂಚು ಸುತ್ತಲೂ ಒಂದೇ ಸಮ ಹೊಳೆಯಬೇಕು."

ಅವಳು ತಿರುಗಿಸಿದಳು. ಮತ್ತೆ ಮತ್ತೆ ಒರೆಸಿ ನೋಡಿದಳು.

"ಆಯಿತಾ ಅಜ್ಜ?"

"ಇಲ್ಲ."

"ಈಗ?"

"ಕೇಳುವಾಗ ಕೈ ನಿಲ್ಲುತ್ತದೆ. ತಿರುಗಿಸು."

ಬಿಸಿಲು ನದಿ ದಾಟುವ ಹೊತ್ತಿಗೆ ಅಂಚು ಬೆಳ್ಳಗೆ ಹೊಳೆಯಿತು. ಅಜ್ಜ ನಳಿಗೆ ಒರೆಸಿ, ಗುರಿಕಣ್ಣನ್ನು ಹಳೆಯ ಗೆರೆಗೆ ತಂದು, ಹೊಸ ಬಟ್ಟೆ ಕಟ್ಟಿದರು. ಈ ಸಲ ಬೊಳ್ಳಮ್ಮನ ಗುಂಡುಗಳೆಲ್ಲ ಒಂದು ಹಿಡಿಯಲ್ಲಿ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು.

ಅವಳು ನಕ್ಕಳು. "ಭಾನುವಾರ ಮತ್ತೆ ಪಂದ್ಯ ಇದೆ. ನಕ್ಕವರೆಲ್ಲ ಬಂದು ನೋಡಲಿ!"

"ಪೂಣಚ್ಚ?"

"ಊಟಕ್ಕೆ ಕರೆಯುತ್ತೇನೆ. ಪಂದಿಕರಿ ಮಾಡಿಸುತ್ತೇನೆ. ಅವನಿಗೆ ಅರ್ಥವಾಗುತ್ತದೆ."

"ಕಳ್ಳ ಅಂದದ್ದು ಊಟಕ್ಕೆ ಕೂತಾಗಲೋ?"

"ಅಲ್ಲ. ಗದ್ದೆಯಲ್ಲಿ."

"ಮೆಲ್ಲಗೋ?"

ಬೊಳ್ಳಮ್ಮ ನದಿಯ ಕಡೆ ನೋಡಿದಳು. "ನಮ್ಮ ಮನೆಯಲ್ಲಿ ಯಾರೂ ಹಾಗೆಲ್ಲ ತಲೆ ತಗ್ಗಿಸಿ..."

ಅಜ್ಜ ಅವಳ ಕೈಯಿಂದ ಕೋವಿ ತೆಗೆದುಕೊಂಡು ತಮ್ಮ ಪಕ್ಕದ ಗೋಡೆಗೆ ಒರಗಿಸಿದರು.

"ಭಾನುವಾರ ಇದನ್ನು ನಾನೇ ತರುತ್ತೇನೆ. ಮೊದಲು ಎಲ್ಲರೆದುರು ಪೂಣಚ್ಚನ ಕ್ಷಮೆ ಕೇಳು."